ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದಾಗ: ಯಾರು ಬರುತ್ತಾರೆ, ಏನು ಮಾಡುತ್ತಾರೆ, ನಮ್ಮ ಪಾಲಿಗೆ ಏನು ಉಳಿಯುತ್ತದೆ

"ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ." ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮ ಕಡೆಯ ಎಷ್ಟೋ ಮನೆಗಳು ಈ ಮಾತು ಕೇಳಿವೆ. ದೇರಳಕಟ್ಟೆಯಿಂದಲೋ ಮಂಗಳೂರಿನಿಂದಲೋ ಹೊರಟ ಆಂಬುಲೆನ್ಸ್ ತಲಪಾಡಿಯಲ್ಲಿ ಗಡಿ ದಾಟುತ್ತದೆ. ಉಪ್ಪಳದಲ್ಲೋ ಕುಂಬಳೆಯಲ್ಲೋ ಒಳರಸ್ತೆಗೆ ತಿರುಗುತ್ತದೆ. ಅಜ್ಜನಿಗೆ ಮೂತ್ರದ ಟ್ಯೂಬ್ ಹಾಕಿದ್ದಾರೆ, ಮೂಗಿನಲ್ಲಿ ಆಹಾರದ ಟ್ಯೂಬ್ ಇದೆ. ಮಗನ ಕೈಯಲ್ಲಿ ಇಂಗ್ಲಿಷಿನಲ್ಲಿರುವ ಡಿಸ್ಚಾರ್ಜ್ ಸಮ್ಮರಿ, ಒಂದು ಚೀಲ ಮಾತ್ರೆ. ಹದಿನೈದು ದಿನ ಬಿಟ್ಟು ಬನ್ನಿ ಎಂದಿದ್ದಾರೆ. ಆ ಹದಿನೈದು ದಿನ ಮನೆಯಲ್ಲಿ ಏನು ಮಾಡಬೇಕು ಎಂದು ಮಾತ್ರ ಯಾರೂ ಕೂತು ಹೇಳಿರುವುದಿಲ್ಲ.

ಮನೆಯ ಆರೈಕೆಯನ್ನು ಒಂದೇ ಕೆಲಸ ಎಂದುಕೊಂಡಾಗಲೇ ಅರ್ಧ ಕಷ್ಟ ಶುರುವಾಗುತ್ತದೆ. ಅದರೊಳಗೆ ಬೇರೆ ಬೇರೆ ಜನರ ಕೆಲಸ ಸೇರಿಕೊಂಡಿದೆ. ರೋಗ ಏನು, ಮದ್ದು ಯಾವುದು, ಎಷ್ಟು ಎಂದು ಹೇಳುವುದು ಡಾಕ್ಟರ ಕೆಲಸ. ಟ್ಯೂಬ್ ಬದಲಿಸುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇಂಜೆಕ್ಷನ್ ಕೊಡುವುದು ತರಬೇತಿ ಪಡೆದ ನರ್ಸಿನ ಕೆಲಸ. ಪಾರ್ಶ್ವವಾಯು ಬಡಿದ ಕೈಕಾಲು ಮರಗಟ್ಟದಂತೆ ವ್ಯಾಯಾಮ ಮಾಡಿಸುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಬೇಕು. ಮೀಯಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಎದ್ದು ನೋಡುವುದು ಮನೆಯವರದ್ದು ಅಥವಾ ಸಂಬಳದ ಸಹಾಯಕರದ್ದು. ನಮ್ಮಲ್ಲಿ ಆಗುವುದೇನೆಂದರೆ, ಇದೆಲ್ಲವೂ ಒಬ್ಬ ಸೊಸೆಯ ಅಥವಾ ಎಪ್ಪತ್ತು ದಾಟಿದ ಹೆಂಡತಿಯ ಹೆಗಲಿಗೆ ಬೀಳುತ್ತದೆ. ಇಲ್ಲವಾದರೆ ದುಡ್ಡು ಕೊಟ್ಟು ಒಬ್ಬರನ್ನು ಕರೆತಂದು, ಎಲ್ಲವನ್ನೂ ಅವರೇ ಮಾಡುತ್ತಾರೆ ಎಂದು ನಂಬಿಬಿಡುತ್ತೇವೆ.

ಇದರಲ್ಲಿ ನರ್ಸಿನ ಪಾಲು ನಮ್ಮ ಜಿಲ್ಲೆಯಲ್ಲಿ ಪಂಚಾಯತಿನ ಮೂಲಕವೇ, ಉಚಿತವಾಗಿ, ಮನೆ ಬಾಗಿಲಿಗೆ ಬರುತ್ತದೆ. ರೋಗಿಯ ನೋವು, ಕಷ್ಟ ಕಡಿಮೆ ಮಾಡುವ ಈ ಸೇವೆಗೆ ಪಾಲಿಯೇಟಿವ್ ಆರೈಕೆ ಎನ್ನುತ್ತಾರೆ. ಗಡಿಯ ಕನ್ನಡ ಮನೆಗಳಿಗೆ ಮೊದಲು ತಿಳಿಯಬೇಕಾದದ್ದು ಇದು.

ಪಾಲಿಯೇಟಿವ್‌ನವರು ಎಂದರೆ ಯಾರು

ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಜೊತೆಯವರು ನೋವು ಶಮನಕ್ಕಾಗಿ ಒಂದು ಸಂಸ್ಥೆ ಶುರು ಮಾಡಿದರು. ಮೊದಲು ಹೆಚ್ಚಾಗಿ ಬಂದವರು ಕ್ಯಾನ್ಸರ್ ರೋಗಿಗಳು. ಎದ್ದು ಬರಲು ಆಗದವರನ್ನು ಹುಡುಕಿಕೊಂಡು ಮನೆಗೆ ಹೋಗಬೇಕಾಯಿತು. ಮನೆಗೆ ಹೋದ ಮೇಲೆ ಕಂಡದ್ದು ಬೇರೆಯೇ ಲೋಕ. ಕ್ಯಾನ್ಸರ್ ಇಲ್ಲದಿದ್ದರೂ ವರ್ಷಗಟ್ಟಲೆ ಮಲಗಿದಲ್ಲೇ ಇರುವ ಮುದುಕರು ಪಕ್ಕದ ಮನೆಗಳಲ್ಲೇ ಇದ್ದರು. ಮಲಪ್ಪುರಂ ಕಡೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ವಾರಕ್ಕೆ ಕೆಲವು ಗಂಟೆ ಇಂಥ ಮನೆಗಳಿಗೆ ಕೊಡಲು ಮುಂದೆ ಬಂದರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ ಒಂದು ನೀತಿಯನ್ನೇ ತಂದಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಆಮೇಲೆ ಇದು ಗ್ರಾಮ ಪಂಚಾಯತುಗಳ ಯೋಜನಾ ಹಣದಿಂದ ನಡೆಯುವ ಕೆಲಸವಾಯಿತು.

ಇವತ್ತು ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಹೊಂದಿಕೊಂಡು ಪಾಲಿಯೇಟಿವ್ ನರ್ಸ್ ಕೆಲಸ ಮಾಡುತ್ತಾರೆ. ಗೊತ್ತು ಮಾಡಿದ ದಿನಗಳಲ್ಲಿ ಗಾಡಿಯಲ್ಲಿ ಮನೆಮನೆಗೆ ಹೋಗುತ್ತಾರೆ. ಜೊತೆಗೆ ಆಶಾ ಕಾರ್ಯಕರ್ತೆ, ಕೆಲವು ಕಡೆ ಸ್ವಯಂಸೇವಕರು ಇರುತ್ತಾರೆ. ಬಿಪಿ, ಶುಗರ್ ನೋಡುತ್ತಾರೆ. ಕ್ಯಾಥೆಟರ್ (ಮೂತ್ರದ ಟ್ಯೂಬ್) ಬದಲಿಸುತ್ತಾರೆ, ಗಾಯ ತೊಳೆದು ಕಟ್ಟುತ್ತಾರೆ. ಮನೆಯವರಿಗೆ ಕೆಲಸ ಕಲಿಸುತ್ತಾರೆ. ಲಭ್ಯವಿದ್ದರೆ ವಾಟರ್ ಬೆಡ್, ವೀಲ್‌ಚೇರ್, ವಾಕರ್ ಎರವಲು ಕೊಡುತ್ತಾರೆ. ಅವರ ಕೈ ಮೀರಿದ್ದಕ್ಕೆ ಮೇಲಿನ ಹಂತದಲ್ಲಿ ಸಮುದಾಯ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳ ಪಾಲಿಯೇಟಿವ್ ಘಟಕಗಳಿವೆ.

ಸೇರಿಸಿಕೊಳ್ಳಲು ದೊಡ್ಡ ಅರ್ಜಿ, ಓಡಾಟ ಏನೂ ಇಲ್ಲ. ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ವಾರ್ಡ್ ಮೆಂಬರ್‌ಗೆ ಹೇಳಿ. ಇಲ್ಲದಿದ್ದರೆ ಡಿಸ್ಚಾರ್ಜ್ ಸಮ್ಮರಿಯ ಒಂದು ಜೆರಾಕ್ಸ್ ಹಿಡಿದು ನೇರ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಚಿಕಿತ್ಸೆ ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಗಿದ್ದರೂ ತೊಂದರೆಯಿಲ್ಲ. ವಾಸ ಈ ಪಂಚಾಯತಿನಲ್ಲಿದ್ದರೆ ಸಾಕು.

ಆದರೂ ಜನ ಹಿಂಜರಿಯುತ್ತಾರೆ. ಕಾರಣ ಒಂದೇ. ಪಾಲಿಯೇಟಿವ್ ಗಾಡಿ ಅಂಗಳಕ್ಕೆ ಬಂತೆಂದರೆ ಇನ್ನು ಹೆಚ್ಚು ದಿನ ಇಲ್ಲ ಎಂದು ಊರು ಮಾತಾಡಿಕೊಳ್ಳುತ್ತದೆ ಎಂಬ ಭಯ. ಈ ಭಯದಿಂದ ಎಷ್ಟೋ ಮನೆಯವರು ಬೆನ್ನಲ್ಲಿ ಹುಣ್ಣಾಗಿ ಎಲುಬು ಕಾಣುವ ತನಕ ಕಾಯುತ್ತಾರೆ. ಇದು ಕೊನೆಯ ದಿನಗಳಿಗೆ ಮೀಸಲಾದ ಸೇವೆ ಅಲ್ಲವೇ ಅಲ್ಲ. ಪಾರ್ಶ್ವವಾಯು, ಮರೆವಿನ ಕಾಯಿಲೆ, ಪಾರ್ಕಿನ್ಸನ್, ಕಿಡ್ನಿ ತೊಂದರೆ, ಸೊಂಟ ಮುರಿದು ಮಲಗಿದವರು, ಎಲ್ಲರೂ ಇದಕ್ಕೆ ಸೇರಬಹುದು. ರೋಗದ ಚಿಕಿತ್ಸೆ ನಿಲ್ಲಿಸಬೇಕು ಎಂದೂ ಇಲ್ಲ. ಎರಡೂ ಒಟ್ಟಿಗೆ ನಡೆಯುತ್ತವೆ. ನನ್ನ ಕೇಳಿದರೆ, ಹಿರಿಯರು ಒಬ್ಬರೇ ಎದ್ದು ಬಚ್ಚಲಿಗೆ ಹೋಗಲು ಆಗದ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿಬಿಡಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಅವಸರದ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂದಾದರೂ ಗೊತ್ತಿರುತ್ತದೆ.

ಕಾಸರಗೋಡು, ಕಾಞಂಗಾಡ್‌ನಂಥ ನಗರಸಭೆ ವ್ಯಾಪ್ತಿಯಲ್ಲಿ ಇರುವವರಿಗೆ ವಯೋಮಿತ್ರಂ ಎಂಬ ಇನ್ನೊಂದು ಯೋಜನೆಯೂ ಇದೆ. 65 ದಾಟಿದವರಿಗೆ ಸಂಚಾರಿ ಕ್ಲಿನಿಕ್, ಉಚಿತ ಮಾತ್ರೆ.

ನರ್ಸ್ ಬರುವುದು ತಿಂಗಳಿಗೆ ಒಂದೋ ಎರಡೋ ಸಲ, ಅಗತ್ಯ ಹೆಚ್ಚಿದ್ದರೆ ಇನ್ನೂ ಬೇಗ. ಉಳಿದ ದಿನಗಳೆಲ್ಲ ನಮ್ಮವು. ಅದನ್ನು ಮೊದಲೇ ಒಪ್ಪಿಕೊಂಡರೆ ಮನಸ್ಸಿಗೆ ಬೇಸರವಾಗುವುದಿಲ್ಲ.

ಹೋಂ ನರ್ಸ್ ವಿಷಯ

ಏಜೆನ್ಸಿ ಮೂಲಕ ಮನೆಗೆ ಬಂದು ಉಳಿಯುವವರನ್ನು ನಾವು ಹೋಂ ನರ್ಸ್ ಎನ್ನುತ್ತೇವೆ. ಬಹಳಷ್ಟು ಸಲ ಅವರು ನರ್ಸಿಂಗ್ ಓದಿದವರಲ್ಲ, ಆರೈಕೆಯ ಸಹಾಯಕರು. ಮೀಯಿಸುವುದು, ಡೈಪರ್ ಬದಲಿಸುವುದು, ಉಣಿಸುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆ ಕೆಲಸಕ್ಕೆ ಗೌರವ ಕೊಡಬೇಕು. ಆದರೆ ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ ತೆಗೆದು ಹಾಕುವುದು ಅವರಿಂದ ಮಾಡಿಸಬಾರದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್‌ಸಿ. ನರ್ಸಿಂಗ್ ಆಗಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರೇ ನರ್ಸ್. ಏಜೆನ್ಸಿಯವರು ಯಾರನ್ನು ಕಳಿಸುತ್ತಿದ್ದಾರೆ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಏನು ಕಲಿತಿದ್ದಾರೆ, ಮೊದಲು ಎಂಥ ರೋಗಿಗಳನ್ನು ನೋಡಿದ್ದಾರೆ, ಗುರುತಿನ ದಾಖಲೆ ಪರಿಶೀಲನೆ ಆಗಿದೆಯಾ, ಅವರು ರಜೆ ಹೋದರೆ ಬದಲಿಗೆ ಯಾರು, ರಾತ್ರಿ ಎದ್ದು ನೋಡುವುದು ಒಪ್ಪಂದದಲ್ಲಿ ಇದೆಯಾ. ಅವರಿಗೂ ದಿನಕ್ಕೆ ಕೆಲವು ಗಂಟೆ ಬಿಡುವು, ಮಲಗಲು ಸರಿಯಾದ ಜಾಗ, ಹೊತ್ತಿಗೆ ಊಟ ಬೇಕು. ಇಪ್ಪತ್ತನಾಲ್ಕು ಗಂಟೆ ಒಬ್ಬರೇ ಎಚ್ಚರ ಇರಲು ಯಾರಿಗೂ ಆಗುವುದಿಲ್ಲ.

ಹಾಸಿಗೆಯ ಹತ್ತಿರದ ಕೆಲಸ

ಮಲಗಿದವರಿಗೆ ಮನೆಯಲ್ಲಿ ಎದುರಾಗುವ ದೊಡ್ಡ ಶತ್ರು ಬೆಡ್ ಸೋರ್, ಅಂದರೆ ಒತ್ತಡದ ಹುಣ್ಣು. ಒಂದೇ ಕಡೆ ಮಲಗಿದಾಗ ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಬೀಳುತ್ತದೆ. ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯಲು ಶುರುವಾಗಬಹುದು. ಹೊರಗೆ ಚಿಕ್ಕ ಕೆಂಪು ಕಲೆ ಮಾತ್ರ ಕಂಡರೂ ಒಳಗೆ ಗುಂಡಿಯಾಗಿರಬಹುದು. ಸೊಂಟದ ಹಿಂದೆ, ಹಿಮ್ಮಡಿ, ಪೃಷ್ಠದ ಎರಡೂ ಬದಿ, ಮೊಣಕೈ, ಭುಜದ ಹಿಂದೆ, ತಲೆಯ ಹಿಂಭಾಗ. ದಿನಾ ಮೀಯಿಸುವಾಗ ಈ ಜಾಗಗಳನ್ನು ಬೆಳಕಿನಲ್ಲಿ ನೋಡಿ. ಕೆಂಪಾಗಿದ್ದರೆ ಬೆರಳಿನಿಂದ ಮೆಲ್ಲ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದು ಕಷ್ಟ. ಅಲ್ಲಿ ಕೈ ಇಟ್ಟು ನೋಡಬೇಕು, ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ಗಟ್ಟಿಯೋ ಆಗಿದೆಯಾ ಎಂದು.

ಪರಿಹಾರ ಎಲ್ಲರಿಗೂ ಗೊತ್ತು, ಮಾಡುವುದು ಕಷ್ಟ: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಇದನ್ನು ಬಲದಿಂದ ಮಾಡಬೇಡಿ. ರೋಗಿಯ ಕೆಳಗೆ ಭುಜದಿಂದ ತೊಡೆಯ ತನಕ ಒಂದು ಹಳೆ ಬೆಡ್‌ಶೀಟನ್ನು ನಾಲ್ಕು ಮಡಿಸಿ ಅಡ್ಡಕ್ಕೆ ಹಾಸಿಡಿ. ಆಚೀಚೆ ಇಬ್ಬರು ನಿಂತು, ಬಟ್ಟೆಯ ಅಂಚನ್ನು ಮೈಗೆ ಹತ್ತಿರ ಸುರುಳಿ ಮಾಡಿ ಹಿಡಿದು, ಒಟ್ಟಿಗೆ ಎತ್ತಿ ಸರಿಸಿ. ಕಂಕುಳಿಗೆ ಕೈ ಹಾಕಿ ಎಳೆದರೆ ಚರ್ಮ ಉಜ್ಜಿ ಸುಲಿಯುತ್ತದೆ. ಪಾರ್ಶ್ವವಾಯು ಆದ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸುವುದೂ ಬೇಡ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಕಣಕಾಲ ಕೆಳಗೆ ಒಂದು, ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ.

ವಾಟರ್ ಬೆಡ್ ಹಾಕಿದ್ದೇವಲ್ಲ, ಇನ್ನು ಮಗ್ಗುಲು ಬದಲಿಸಬೇಕಾಗಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ವಾಟರ್ ಬೆಡ್ ಒತ್ತಡವನ್ನು ಹಂಚುತ್ತದೆ, ತೆಗೆದುಹಾಕುವುದಿಲ್ಲ. ಅದರ ಮೇಲೆ ದಪ್ಪ ಕಂಬಳಿ, ರಬ್ಬರ್ ಶೀಟ್ ಎಲ್ಲ ಹಾಸಿದರೆ ಅದು ಇದ್ದೂ ಇಲ್ಲದ ಹಾಗೆ. ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕುವುದು ನಮ್ಮ ಹಳೆ ಅಭ್ಯಾಸ, ಅದನ್ನು ಬಿಡಲೇಬೇಕು. ಕೆಳಗೆ ಆಗಲೇ ನೊಂದ ಮಾಂಸ ಇನ್ನಷ್ಟು ಹರಿಯುತ್ತದೆ. ಪೌಡರ್ ಸುರಿದರೆ ಬೆವರಿನ ಜೊತೆ ಗಂಟು ಕಟ್ಟಿ ಚುಚ್ಚುತ್ತದೆ. ನಡುವೆ ತೂತಿರುವ ರಿಂಗ್ ದಿಂಬು ಸುತ್ತಲಿನ ರಕ್ತ ಓಟವನ್ನೇ ತಡೆಯುತ್ತದೆ. ಮೆತ್ತಗೆ ತೊಳೆದು, ಒತ್ತಿ ಒರೆಸಿ, ಒಣಗಿರುವಂತೆ ನೋಡಿಕೊಂಡರೆ ಅದೇ ದೊಡ್ಡ ಮದ್ದು. ಊಟದ ಬಗ್ಗೆಯೂ ಒಂದು ಮಾತು. ಬರೀ ಕುಚ್ಚಲಕ್ಕಿ ಗಂಜಿಯ ತಿಳಿಯಿಂದ ಹುಣ್ಣು ಮಾಯುವುದಿಲ್ಲ. ಮೊಟ್ಟೆ, ಮೀನು, ಬೇಯಿಸಿ ಅರೆದ ಹೆಸರುಕಾಳು, ಹಾಲು, ಮೊಸರು, ಮನೆಯ ಕ್ರಮದಲ್ಲಿ ಯಾವುದು ನಡೆಯುತ್ತದೋ ಅದು ದಿನಾ ಬೇಕು. ಕಿಡ್ನಿ ತೊಂದರೆ ಇದ್ದರೆ ಎಷ್ಟು ಎಂದು ಡಾಕ್ಟರನ್ನು ಕೇಳಿಕೊಳ್ಳಿ.

ಮೂತ್ರದ ಟ್ಯೂಬ್ ಇನ್ನೊಂದು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಮಗ್ಗುಲು ಬದಲಿಸುವಾಗ ಚೀಲವನ್ನು ಎತ್ತಿ ಹೊಟ್ಟೆಯ ಮೇಲೆ ಇಡುವವರಿದ್ದಾರೆ. ಆಗ ಹಳೆ ಮೂತ್ರ ಹಿಂದಕ್ಕೆ ಹರಿದು ಸೋಂಕು ಹೊತ್ತೊಯ್ಯುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಿರಿ. ಟ್ಯೂಬನ್ನು ತೊಡೆಗೆ ಟೇಪ್ ಹಚ್ಚಿ ನಿಲ್ಲಿಸಿದರೆ ಎಳೆತ ಬೀಳುವುದಿಲ್ಲ. ಸಾಮಾನ್ಯ ಲೇಟೆಕ್ಸ್ ಟ್ಯೂಬನ್ನು ಎರಡರಿಂದ ನಾಲ್ಕು ವಾರಕ್ಕೆ ಬದಲಿಸುತ್ತಾರೆ, ಸಿಲಿಕಾನ್‌ನದ್ದು ಹೆಚ್ಚು ದಿನ ಬರುತ್ತದೆ. ಹಾಕಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಕೆಲವು ಗಂಟೆಗಳಿಂದ ಚೀಲಕ್ಕೆ ಮೂತ್ರವೇ ಬಂದಿಲ್ಲ, ಕೆಳಹೊಟ್ಟೆ ಉಬ್ಬಿ ಗಟ್ಟಿಯಾಗಿದೆ, ರೋಗಿ ಚಡಪಡಿಸುತ್ತಿದ್ದಾರೆ ಎಂದರೆ ಟ್ಯೂಬ್ ಕಟ್ಟಿಕೊಂಡಿದೆ. ಅದು ಬೆಳಗ್ಗೆ ತನಕ ಕಾಯುವ ವಿಷಯ ಅಲ್ಲ.

ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆದೆಸೆ ಎತ್ತರವಿರಲಿ. ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಇರಲಿ. ಟ್ಯೂಬ್ ಮೂಗಿನ ಹತ್ತಿರ ಎಷ್ಟರ ಗುರುತಿನಲ್ಲಿದೆ ಎಂದು ನೆನಪಿಡಿ. ಗುರುತು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಆಹಾರವನ್ನೂ ಕೊಡಬೇಡಿ, ನರ್ಸಿಗೆ ಫೋನ್ ಮಾಡಿ. ಕೆಮ್ಮು, ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ಮಾತ್ರೆಗಳನ್ನು ಪುಡಿ ಮಾಡಿ ಕೊಡುವ ಮೊದಲು ಕೇಳಿಕೊಳ್ಳಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಮದ್ದು ಒಂದೇ ಸಲ ಮೈಗೆ ಸೇರುತ್ತದೆ.

ಯಾವಾಗ ಕಾಯಬಹುದು, ಯಾವಾಗ ಓಡಬೇಕು

ಅಜ್ಜಿ ನಿನ್ನೆ ತನಕ ಸರಿ ಇದ್ದರು. ಇವತ್ತು ಮಗನ ಗುರುತು ಹಿಡಿಯುತ್ತಿಲ್ಲ, ಏನೇನೋ ಮಾತಾಡುತ್ತಾರೆ. ಮನೆಯವರು ಅರಳು ಮರಳು ಎಂದು ಸುಮ್ನೆ ಇದ್ದುಬಿಡುತ್ತಾರೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲ ಮೆಲ್ಲ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲದ ಹಿಂದೆ ಬೇರೆ ಕಾರಣ ಇರುತ್ತದೆ. ಮೂತ್ರದ ಸೋಂಕು, ನ್ಯುಮೋನಿಯ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಶುಗರ್ ಇಳಿದದ್ದು, ಮೂತ್ರ ಕಟ್ಟಿದ್ದು, ಹೊಸ ಮಾತ್ರೆ, ಕೆಲವೊಮ್ಮೆ ಬರೀ ಮಲಬದ್ಧತೆ. ಇವುಗಳಲ್ಲಿ ಹೆಚ್ಚಿನವನ್ನು ಸರಿ ಮಾಡಬಹುದು. ಬಿಪಿಗೆ ಕೊಡುವ ಕೆಲವು ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೇ ಸೋಡಿಯಂ ಇಳಿಯುವುದಿದೆ. ಮುದುಕರಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಬರದೇ ಇರಬಹುದು. ಗೊಂದಲವೇ ಅದರ ಮೊದಲ ಸೂಚನೆ.

ಸಕ್ಕರೆ ಕಾಯಿಲೆಯವರ ಊಟ ಕಡಿಮೆಯಾದರೆ ಇನ್ಸುಲಿನ್ ಮತ್ತು ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗುತ್ತದೆ. ಅರ್ಧ ಲೋಟ ಗಂಜಿ ಕುಡಿದವರಿಗೆ ಮೊದಲಿನಷ್ಟೇ ಇನ್ಸುಲಿನ್ ಕೊಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಮೈ ಬೆವರಿ, ನಡುಗಿ, ಮಾತು ತಡವರಿಸಿದರೆ ಮೊದಲು ಶುಗರ್ ನೋಡಿ. ಎಚ್ಚರ ಇದ್ದು ನುಂಗಲು ಆಗುವುದಾದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಗಾಡಿ ತರಿಸಿ.

ಬಾಯಿ ಒಂದು ಕಡೆ ವಾಲಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲಿತು ಎಂದರೆ ಪಾರ್ಶ್ವವಾಯು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೊದಲು ಸ್ಕ್ಯಾನ್ ಆಗಬೇಕು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಪೆರ್ಲ, ಪೈವಳಿಕೆ, ಮುಳ್ಳೇರಿಯದ ಒಳಗಿನವರಿಗೆ ಮುಖ್ಯರಸ್ತೆ ಸೇರುವುದಕ್ಕೇ ಹೊತ್ತು ಬೇಕು. ಹಾಗಾಗಿ ಎಣ್ಣೆ ತಿಕ್ಕುತ್ತಾ, ಯಾರಿಗೋ ಕೇಳುತ್ತಾ ಕೂರಲು ಸಮಯವಿಲ್ಲ. ಯಾವ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಇದೆ ಎಂದು ಈಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. 108ರ ಜೊತೆಗೆ ಊರಿನ ಒಬ್ಬ ಗಾಡಿಯವರ ನಂಬರೂ ಇರಲಿ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

ಗಡಿಯ ಮಾತು ಬಂದಾಗ 2020ರ ಮಾರ್ಚ್ ಕೊನೆ ನೆನಪಾಗದೆ ಇರುವುದಿಲ್ಲ. ಆಗ ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿಯ ದಾರಿ ಮುಚ್ಚಿತು. ಆಂಬುಲೆನ್ಸುಗಳೂ ಹಿಂದೆ ಹೋಗಬೇಕಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹಲವು ರೋಗಿಗಳು ದಾರಿ ಕಾಣದೆ ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮನೆಯಲ್ಲಿ, ಪಂಚಾಯತಿನಲ್ಲಿ ಆಗಬಹುದಾದ ಆರೈಕೆಯನ್ನು ಅಲ್ಲೇ ಗಟ್ಟಿ ಮಾಡಿಕೊಳ್ಳಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಮನೆ, ಮಳೆ, ತೋಟದ ದಾರಿ

ನಮ್ಮ ಹಳೆಯ ಮನೆಗಳು ಮುದುಕರಿಗಾಗಿ ಕಟ್ಟಿದವಲ್ಲ. ಎತ್ತರದ ಹೊಸ್ತಿಲು, ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು, ಮನೆಯ ಹೊರಗೆ ಬಚ್ಚಲು, ಜೂನ್‌ನಿಂದ ಅಂಗಳದಲ್ಲಿ ಪಾಚಿ. ರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಇಲ್ಲಿ ಸಾಮಾನ್ಯ ಕಥೆ. ಮನೆ ಕೆಡವಿ ಕಟ್ಟಬೇಕಾಗಿಲ್ಲ. ಮಂಚದ ಹತ್ತಿರ ಕಮೋಡ್ ಕುರ್ಚಿ, ಹಾದಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಬಚ್ಚಲ ಗೋಡೆಗೆ ಗಟ್ಟಿಯಾದ ಹಿಡಿ, ಜಾರುವ ಕಾಲೊರಸು ತೆಗೆಯುವುದು, ಇಷ್ಟರಿಂದಲೇ ತುಂಬ ಅನಾಹುತ ತಪ್ಪುತ್ತದೆ. ಮಲಗಿದ್ದವರು ಒಮ್ಮೆಲೇ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಆಮೇಲೆ ನಿಲ್ಲಬೇಕು.

ಅಡಿಕೆ ತೋಟದ ತಗ್ಗಿನಲ್ಲಿರುವ ಮನೆಗಳಿಗೆ ಇನ್ನೊಂದು ಸಮಸ್ಯೆ. ಆಂಬುಲೆನ್ಸ್ ಮೇಲಿನ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಗೆ ಕುರ್ಚಿಯಲ್ಲಿ ಕೂರಿಸಿ ಹೊರಬೇಕು. ಯಾರು ಹೊರುತ್ತಾರೆ, ಯಾವ ಕುರ್ಚಿ, ಮಳೆಗಾಲದಲ್ಲಿ ಸಂಕ ದಾಟಲು ಆಗುತ್ತದಾ ಎಂದು ನೆರೆಯವರ ಜೊತೆ ಮೊದಲೇ ಮಾತಾಡಿಡಿ. ಕರೆಂಟಿನಲ್ಲಿ ನಡೆಯುವ ಆಮ್ಲಜನಕದ ಯಂತ್ರ (ಕಾನ್ಸೆಂಟ್ರೇಟರ್) ಇರುವ ಮನೆಯಲ್ಲಿ ಕರೆಂಟ್ ಹೋದರೆ ಬಳಸಲು ಒಂದು ಸಿಲಿಂಡರ್ ಬೇಕೇ ಬೇಕು. ಗಾಳಿಮಳೆಗೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಬರುವುದು ಯಾವಾಗ ಎಂದು ಹೇಳಲಾಗುವುದಿಲ್ಲ.

ನೋವಿನ ಮಾತು

ಮುದುಕರು ನೋವು ಹೇಳಿಕೊಳ್ಳುವುದು ಕಡಿಮೆ. ಮಕ್ಕಳಿಗೆ ತೊಂದರೆ ಎಂದು ನುಂಗಿಕೊಳ್ಳುತ್ತಾರೆ. ಬರುವ ನರ್ಸ್ ಮಲಯಾಳ ಮಾತಾಡುವವರಾಗಿದ್ದು, ಅಜ್ಜಿಗೆ ತುಳುವೋ ಹವ್ಯಕವೋ ಕೊಂಕಣಿಯೋ ಮಾತ್ರ ಬರುವುದಾದರೆ ಆ ನೋವು ಯಾರಿಗೂ ತಲುಪುವುದೇ ಇಲ್ಲ. ನರ್ಸ್ ಬರುವ ಹೊತ್ತಿಗೆ ಎರಡೂ ಮಾತು ಬರುವ ಒಬ್ಬರು ಮನೆಯಲ್ಲಿರಲಿ. ಅದರ ಜೊತೆ ಒಂದು ನೋಟ್‌ಬುಕ್ ಇಡಿ. ನೋವು ಎಲ್ಲಿ, ಯಾವ ಹೊತ್ತಿಗೆ ಜಾಸ್ತಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ನಿದ್ದೆ ಬಂತಾ, ಮಲ ಹೋಗಿ ಎಷ್ಟು ದಿನ, ಯಾವ ಮಾತ್ರೆ ಯಾವಾಗ. ಅಂಕೆಗಳು ಎಲ್ಲರಿಗೂ ಅರ್ಥವಾಗುತ್ತವೆ. ಮಾತಾಡಲಾಗದವರ ಮುಖ ನೋಡಿ: ಹುಬ್ಬು ಗಂಟಿಕ್ಕುವುದು, ಮಗ್ಗುಲು ಬದಲಿಸುವಾಗ ನರಳುವುದು, ಒಂದು ಕಡೆ ಮುಟ್ಟಲು ಬಿಡದಿರುವುದು. ಅದೇ ಅವರ ಮಾತು.

ಕ್ಯಾನ್ಸರಿನಂಥ ಜೋರು ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಹೆಸರು ಕೇಳಿಯೇ ಜನ ಹೆದರುತ್ತಾರೆ, ಚಟ ಹಿಡಿಯುತ್ತದೆ, ಬೇಗ ಸಾಯುತ್ತಾರೆ ಎಂದು. ನೋವಿಗೆ ತಕ್ಕ ಪ್ರಮಾಣದಲ್ಲಿ, ಪಾಲಿಯೇಟಿವ್ ಡಾಕ್ಟರು ಹೇಳಿದ ಹಾಗೆ ಕೊಟ್ಟರೆ ಅದು ಸುರಕ್ಷಿತ ಮದ್ದು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಇದು ಬಹಳ ಕಾಲ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ದಾರಿ ಸುಲಭ ಮಾಡಿದರು. ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಇದರಿಂದ ಮಲಬದ್ಧತೆ ಆಗಿಯೇ ಆಗುತ್ತದೆ ಎನ್ನಬಹುದು. ಅದಕ್ಕೆ ಕೊಡುವ ಮದ್ದನ್ನು ಬಿಡದೆ ಕೊಡಬೇಕು. ನೋವು ಬಂದಾಗ ಮಾತ್ರ ಕೊಡುವುದಕ್ಕಿಂತ ಹೇಳಿದ ಹೊತ್ತಿಗೆ ತಪ್ಪದೆ ಕೊಡುವುದು ಮುಖ್ಯ. ಇನ್ನೊಂದು ಕಡೆ, ಮೆಡಿಕಲ್ ಶಾಪಿನಿಂದ ತಂದ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಕಿಡ್ನಿ ಕೆಡಿಸಿಕೊಂಡವರು ಇದ್ದಾರೆ. ಹೆದರಬೇಕಾದದ್ದು ಅದಕ್ಕೆ.

ಹಣ, ಮತ್ತು ಆರೈಕೆ ಮಾಡುವವರು

ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಅದರ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಕೊಡುತ್ತದೆ, ಆದರೆ ಆಸ್ಪತ್ರೆಗೆ ಸೇರಿದರೆ. ಗಡಿಯಾಚೆಯ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದಾ ಎಂದು ಸೇರಿಸುವ ಮೊದಲೇ ಕೇಳಿ. ಖಾಸಗಿ ವಿಮೆಗಳೂ ಹೆಚ್ಚಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ. ಮನೆಯ ಸಹಾಯಕರ ಸಂಬಳ, ಡೈಪರ್, ಆಹಾರ ಯಾವುದರಲ್ಲೂ ಬರುವುದಿಲ್ಲ. ಮನೆಯಲ್ಲಿ ಆರೈಕೆ ಅಗ್ಗ ಎನ್ನುವವರು ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹಾಸಿಗೆ ಹಿಡಿದವರನ್ನು ಪೂರ್ಣ ಹೊತ್ತು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ವರಮಾನದ ಮಿತಿ ಇದೆ, ಸರಕಾರಿ ಡಾಕ್ಟರ ಸರ್ಟಿಫಿಕೇಟ್ ಬೇಕು, ಹಣ ಬಾಕಿ ಬೀಳುವುದೂ ಇದೆ. 600 ರೂಪಾಯಿಗೆ ಕೆಲವು ದಿನಗಳ ಡೈಪರ್ ಬರುತ್ತದೆ, ಅಷ್ಟೇ. ಈ ಮೊತ್ತ ಹೆಚ್ಚಾಗಲೇಬೇಕು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ ಕಡೆಯ ಕೆಲವು ಮನೆಗಳಲ್ಲಿ ಇದೆಲ್ಲ ತಿರುವುಮುರುವಾಗಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದ ತನಕ ನಡೆಯಿತು. ಆ ಕಾಲದಲ್ಲಿ ಹುಟ್ಟಿ ಮಲಗಿದಲ್ಲೇ ಬೆಳೆದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರನ್ನು ಎತ್ತಿ ಮೀಯಿಸುವ ತಾಯಂದಿರು ಈಗ ಅರುವತ್ತು ದಾಟಿದವರು, ಅವರಿಗೇ ಮೊಣಕಾಲು ನೋವು. ಅಲ್ಲಿ ಹಿರಿಯರ ಆರೈಕೆ ಎಂದರೆ ಆ ತಾಯಿಯ ಬಿಪಿ, ಬೆನ್ನು, ನಿದ್ದೆ ನೋಡುವುದು. ಪಾಲಿಯೇಟಿವ್ ನರ್ಸ್ ಬಂದಾಗ ಹಾಸಿಗೆಯಲ್ಲಿರುವವರ ಜೊತೆ ಅವರನ್ನೂ ಪರೀಕ್ಷಿಸಿ ಎಂದು ಕೇಳಲೇಬೇಕು.

ಉಳಿದ ಮನೆಗಳಲ್ಲೂ ಅಷ್ಟೇ. ಆರೈಕೆ ಮಾಡುವವರು ಕುಸಿದರೆ ಇಬ್ಬರೂ ಬೀಳುತ್ತಾರೆ. ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ದುಡ್ಡು ಕಳಿಸುತ್ತಾರೆ, ಒಳ್ಳೆಯದು. ಅದರ ಜೊತೆ ವರ್ಷಕ್ಕೆ ಎರಡು ವಾರ ಬಂದು ರಾತ್ರಿಯ ಪಾಳಿ ಹಿಡಿದರೆ ಅತ್ತಿಗೆ ಒಂದು ಪೂರ್ತಿ ನಿದ್ದೆ ಮಾಡುತ್ತಾಳೆ. ಮನೆಯಲ್ಲಿ ಕಡಿಮೆ ಎಂದರೂ ಇಬ್ಬರಿಗೆ ಟ್ಯೂಬಿನ ಕೆಲಸ, ಮಗ್ಗುಲು ಬದಲಿಸುವ ಕೆಲಸ ಗೊತ್ತಿರಬೇಕು. ಗಂಡಸರು ಕಲಿಯಬಾರದು ಎಂದೇನೂ ಇಲ್ಲ ಅಲ್ವಾ?

ಕೊನೆಯ ದಿನಗಳು

ಇನ್ನು ಐಸಿಯು ಬೇಡ, ಮನೆಯಲ್ಲೇ ಇರುತ್ತೇನೆ ಎನ್ನುವ ಹಿರಿಯರ ಮಾತನ್ನು ಅವರಿಗೆ ಎಚ್ಚರ ಇರುವಾಗಲೇ ಕೇಳಿಡಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಇಚ್ಛೆಯನ್ನು ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಬರೆಯದಿದ್ದರೂ ಪರವಾಗಿಲ್ಲ, ಮಕ್ಕಳೆಲ್ಲ ಒಟ್ಟಿಗೆ ಕೂತು ಕೇಳಿರಬೇಕು. ದೂರದಿಂದ ಬಂದ ಮಗ ಕೊನೆಯ ಗಳಿಗೆಯಲ್ಲಿ ಜಗಳ ತೆಗೆದು ಆಂಬುಲೆನ್ಸ್ ಕರೆಸುವುದು ಆಗ ತಪ್ಪುತ್ತದೆ.

ಕೊನೆಯ ದಿನಗಳಲ್ಲಿ ಊಟ, ನೀರು ಬೇಡವಾಗುವುದು ಸಹಜ. ಒತ್ತಾಯ ಮಾಡಿ ತುರುಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ತುಟಿ, ಬಾಯಿ ಒರೆಸುತ್ತಿರಿ. ಉಸಿರಿನಲ್ಲಿ ಗೊರಗೊರ ಶಬ್ದ ಬಂದರೆ ಪಕ್ಕಕ್ಕೆ ಓರೆ ಮಾಡಿ ಮಲಗಿಸಿ, ನರ್ಸಿಗೆ ಫೋನ್ ಮಾಡಿ ಕೇಳಿ.

ಮನೆಯಲ್ಲಿ ತೀರಿಕೊಂಡರೆ 21 ದಿನದೊಳಗೆ ಪಂಚಾಯತಿನಲ್ಲಿ ನೋಂದಣಿ ಮಾಡಿಸಬೇಕು. ಪಾಲಿಯೇಟಿವ್ ದಾಖಲೆಗಳು, ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿದ್ದರೆ ಕಾರಣ ಬರೆಸುವುದು ಸುಲಭ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಬೇರೆಯವರಿಗೂ ಕೊಡಬೇಡಿ, ಕೊಟ್ಟ ಕೇಂದ್ರಕ್ಕೇ ಮರಳಿಸಿ. ವಾಟರ್ ಬೆಡ್, ವೀಲ್‌ಚೇರ್ ಎರವಲು ತಂದಿದ್ದರೆ ತೊಳೆದು ಒಣಗಿಸಿ ಆರೋಗ್ಯ ಕೇಂದ್ರಕ್ಕೆ ಬೇಗ ತಲುಪಿಸಿ. ಅದಕ್ಕಾಗಿ ಹೆಸರು ಬರೆಸಿ ಕಾಯುತ್ತಿರುವ ಇನ್ನೊಂದು ಮನೆ ಅದೇ ಪಂಚಾಯತಿನಲ್ಲಿ ಇದ್ದೇ ಇರುತ್ತದೆ.